ವಿಷ ಅಳೆಯುವ ಹುಳು
ಸೀನೊರ್‍ಯಾಬ್ಡೈಟಿಸ್ ಎಲಿಗನ್ಸ್ ಸುಮಾರು 1 ಮಿಲಿಮೀಟರ್ ಉದ್ದದ ದುಂಡುಹುಳು. ನೀರಿಗೆ ಬೆರೆತ ಲೋಹಗಳ ವಿಷವನ್ನು ಅಳೆಯಲು ಇದು ಅಗ್ಗದ, ಸೂಕ್ಷ್ಮವಾದ ಸಾಧನ. ಮೈ ಪಾರದರ್ಶಕವಾದ್ದರಿಂದ ಒಳಗಿನ ಮೊಟ್ಟೆಗಳೂ ಸೂಕ್ಷ್ಮದರ್ಶಕದಲ್ಲಿ ಕಾಣುತ್ತವೆ. ಕೆಲವೇ ದಿನಗಳಲ್ಲಿ ಹುಳು ಬೆಳೆದು ಸಂತಾನ ಪಡೆಯುತ್ತದೆ. 2010ರಲ್ಲಿ ಬಂದ ಐಎಸ್ಒ 10872 ಮಾನದಂಡದಂತೆ ಮರಿಹುಳುಗಳನ್ನು ಹೂಳು ಅಥವಾ ಮಣ್ಣಿನ ಮಾದರಿಯಲ್ಲಿ 96 ಗಂಟೆ ಬಿಡುತ್ತಾರೆ. ನಂತರ ಅವುಗಳ ಉದ್ದವನ್ನೂ ಮರಿಗಳ ಸಂಖ್ಯೆಯನ್ನೂ ವಿಷವಿಲ್ಲದ ಮಾದರಿಯಲ್ಲಿ ಬೆಳೆದವುಗಳೊಂದಿಗೆ ಹೋಲಿಸುತ್ತಾರೆ.

ಇಂಥ ಪರೀಕ್ಷೆ ಉಪಯೋಗಕ್ಕೆ ಬರುವ ಜಾಗಕ್ಕೆ ಒಂದು ಉದಾಹರಣೆ ನೋಡಿ: ಬೆಂಗಳೂರಿನ ಕೊಳಚೆಯನ್ನೂ ಕಾರ್ಖಾನೆಗಳ ತ್ಯಾಜ್ಯವನ್ನೂ ಹೊತ್ತ ವೃಷಭಾವತಿ ನದಿ ಬಿಡದಿ ಬಳಿಯ ಬೈರಮಂಗಲ ಕೆರೆಗೆ ಬಂದು, ಮುಂದೆ ಅರ್ಕಾವತಿ ನದಿಯನ್ನು ಸೇರುತ್ತದೆ. ಇಂಥ ಕೆರೆಗಳಲ್ಲಿ ಲೋಹಗಳು ಹೂಳಿನಲ್ಲಿ ತಂಗುತ್ತವೆ. ರಾಸಾಯನಿಕ ವಿಶ್ಲೇಷಣೆ ಅವುಗಳ ಪ್ರಮಾಣವನ್ನು ಹೇಳಿದರೆ, ಹಲವು ಲೋಹಗಳು ಒಟ್ಟಾಗಿ ಜೀವಕ್ಕೆ ಮಾಡುವ ಹಾನಿಯನ್ನು ಹುಳು ತೋರಿಸುತ್ತದೆ.