ಚರಣಗಳ ನಡುವಿನ ವಾದ್ಯವೃಂದ

ಮೈಸೂರಿನವರಿಗೆ ದಸರಾ ರಜೆಯ ಸಿನಿಮಾ ಹಬ್ಬದ ಊಟದಷ್ಟೇ ಖಾಯಂ. ಬೆಳಿಗ್ಗೆ ಗೊಂಬೆಗೆ ಆರತಿ, ಸಂಜೆ ಅರಮನೆಯ ದೀಪ ಇಲ್ಲವೇ ವಸ್ತುಪ್ರದರ್ಶನ, ರಾತ್ರಿ ಸೆಕೆಂಡ್ ಶೋ. ನಂಜನಗೂಡು, ಟಿ. ನರಸೀಪುರ, ಹುಣಸೂರು ಕಡೆಯಿಂದ ಜಂಬೂಸವಾರಿಗೆ ಬಂದವರೂ ಕೊನೆಯ ಬಸ್ಸಿನ ಆಸೆ ಬಿಟ್ಟು ಯಾವುದಾದರೊಂದು ಟಾಕೀಸಿನೊಳಗೆ ನುಗ್ಗಿಬಿಡುತ್ತಿದ್ದರು. ಆ ಟಾಕೀಸುಗಳಲ್ಲಿ ಶಾಂತಲಾ 2020ರಲ್ಲಿ ಬಾಗಿಲು ಹಾಕಿತು. ಒಪೇರಾ, ರಣಜಿತ್, ಸರಸ್ವತಿ, ಲಕ್ಷ್ಮಿ ಎಲ್ಲವೂ ಈಗ ಬರೀ ಹೆಸರು. ದಸರಾ ಚಲನಚಿತ್ರೋತ್ಸವ ಮಾಲ್‌ಗಳ ಒಳಗೆ ನಡೆಯುತ್ತಿದೆ. ಆದರೂ ಅಭ್ಯಾಸ ಮಾತ್ರ ಸತ್ತಿಲ್ಲ. 2025ರಲ್ಲಿ ವಿಜಯದಶಮಿ ಬಿದ್ದದ್ದು ಅಕ್ಟೋಬರ್ 2ಕ್ಕೆ. ‘ಕಾಂತಾರ ಚಾಪ್ಟರ್ 1’ ತೆರೆಗೆ ಬಂದದ್ದೂ ಅವತ್ತೇ.

ಬದಲಾಗಿರುವುದು ಶೋ ಬಿಟ್ಟ ಮೇಲಿನ ಮಾತು. ಟೀ ಅಂಗಡಿಯ ಮುಂದೆ ನಿಂತ ಹುಡುಗರ ಬಾಯಲ್ಲಿ ಈಗ ಹಾಡಿಗಿಂತ ಬಿಜಿಎಂ, ಅಂದರೆ ಹಿನ್ನೆಲೆ ಸಂಗೀತ, ಹೆಚ್ಚು. ‘ಇಂಟರ್ವಲ್ ಬಿಜಿಎಂ ಹೆಂಗಿತ್ತು ಗುರು, ಮೈಯೆಲ್ಲ ಜುಮ್ ಅಂತು’ ಎನ್ನುವ ಮಾತು ಅವರ ಅಪ್ಪಂದಿರ ಕಾಲದಲ್ಲಿ ಇರಲಿಲ್ಲ. ಅಪ್ಪಂದಿರು ಹಾಡು ಗುನುಗಿಕೊಂಡು ಸೈಕಲ್ ಸ್ಟ್ಯಾಂಡಿನ ಟೋಕನ್ ಹುಡುಕುತ್ತಿದ್ದರು. ಇದರ ಸುತ್ತ ಮನೆಮನೆಯಲ್ಲೂ ಒಂದು ಜಗಳ ಹುಟ್ಟಿಕೊಂಡಿದೆ. ಹಿರಿಯರ ಪ್ರಕಾರ ಈಗಿನದು ಬರೀ ಗದ್ದಲ. ಕಿರಿಯರ ಪ್ರಕಾರ ಕನ್ನಡ ಸಿನಿಮಾಕ್ಕೆ ಹಿನ್ನೆಲೆ ಸಂಗೀತ ಅನ್ನುವುದು ಬಂದದ್ದೇ ‘ಕೆಜಿಎಫ್’ನಿಂದ. ಎರಡೂ ಅರ್ಧ ಸತ್ಯ. ಕನ್ನಡ ಚಿತ್ರರಂಗದಲ್ಲಿ ವಾದ್ಯವೃಂದಕ್ಕಾಗಿ ಬರೆಯುವ ಒಂದು ಗಟ್ಟಿ ಪರಂಪರೆ ಇತ್ತು. ಅದು ಹೋರಾಟದ, ಸಾವಿನ, ನಾಯಕನ ಪ್ರವೇಶದ ದೃಶ್ಯಗಳಲ್ಲಿ ಇರಲಿಲ್ಲ. ಹಾಡಿನ ಎರಡು ಚರಣಗಳ ನಡುವೆ, ಗಾಯಕ ಉಸಿರು ತೆಗೆದುಕೊಳ್ಳುವ ಆ ಅರ್ಧ ನಿಮಿಷದಲ್ಲಿ ಇತ್ತು. ಹಾಡು ಸಣ್ಣದಾದಾಗ ಆ ಅರ್ಧ ನಿಮಿಷವೂ ಹೋಯಿತು. ಅದರ ಜಾಗಕ್ಕೆ ಬಂದ ಬಿಜಿಎಂಗೆ ಗಾತ್ರ ಇದೆ, ಆ ಹಳೆಯ ಕಸುಬು ಇನ್ನೂ ಕೈಗೆ ಹತ್ತಿಲ್ಲ.

ಮೈಸೂರಿನಲ್ಲಿ ವಾದ್ಯವೃಂದದ ಮಾತು ಎತ್ತಿದರೆ ಯಾರಾದರೂ ಒಬ್ಬರು ಮಹಾರಾಜ ಜಯಚಾಮರಾಜೇಂದ್ರ ಒಡೆಯರ ಹೆಸರು ಹೇಳಿಯೇ ಹೇಳುತ್ತಾರೆ. ಹೇಳಬೇಕಾದದ್ದೇ. ಲಂಡನ್ನಿನ ಫಿಲ್ಹಾರ್ಮೋನಿಯಾ ವಾದ್ಯವೃಂದಕ್ಕೆ ಅವರು ಕೊಟ್ಟ ಆಸರೆ ಸಣ್ಣದಲ್ಲ. ರಿಚರ್ಡ್ ಸ್ಟ್ರಾಸ್ ಬರೆದ ಕೊನೆಯ ನಾಲ್ಕು ಹಾಡುಗಳು 1950ರ ಮೇ 22ರಂದು ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಮೊದಲ ಸಲ ಕೇಳಿಸಿದ್ದು ಅವರ ಹಣದ ಭರವಸೆಯ ಮೇಲೆ. ರಷ್ಯಾದ ಮೆಟ್ನರ್ ತನ್ನ ಮೂರನೆಯ ಪಿಯಾನೋ ಕನ್ಸರ್ಟೋವನ್ನು ಅವರಿಗೇ ಅರ್ಪಿಸಿದ. ಸಿನಿಮಾ ಪ್ರಿಯರಿಗೆ ಇನ್ನೊಂದು ಸಂಗತಿ ರುಚಿಸೀತು: ಲಾರೆನ್ಸ್ ಒಲಿವಿಯೆಯ 1948ರ ‘ಹ್ಯಾಮ್ಲೆಟ್’ಗೆ ವಿಲಿಯಂ ವಾಲ್ಟನ್ ಬರೆದ ಹಿನ್ನೆಲೆ ಸಂಗೀತವನ್ನು ನುಡಿಸಿದ್ದು ಇದೇ ಫಿಲ್ಹಾರ್ಮೋನಿಯಾ.

ಆದರೆ ಈ ಹೆಮ್ಮೆಯನ್ನು ಎಳೆದು ತಂದು ನಮ್ಮ ಸಿನಿಮಾ ಸಂಗೀತಕ್ಕೆ ಗಂಟು ಹಾಕುವುದು ನನಗೆ ಒಪ್ಪಿಗೆಯಿಲ್ಲ. ಸಿಂಫೊನಿ ಅರಮನೆಯ ಗ್ರಾಮೊಫೋನಿನಿಂದ ಇಳಿದು ಊರೊಳಗಿನ ಶಿವರಾಂಪೇಟೆಯ ತನಕ ನಡೆದು ಬರಲಿಲ್ಲ. ಬೀದಿಗೆ ಬಂದದ್ದು ಬ್ಯಾಂಡು. ಪೊಲೀಸ್ ಇಲಾಖೆಯಲ್ಲಿ ಇಂದಿಗೂ ಇಂಗ್ಲಿಷ್ ಬ್ಯಾಂಡ್, ಕರ್ನಾಟಕ ಬ್ಯಾಂಡ್ ಎಂದು ಎರಡಿವೆ. ಒಂದು ಮಾರ್ಚ್ ನುಡಿಸುತ್ತದೆ, ಇನ್ನೊಂದು ಕೃತಿಗಳನ್ನು ಹತ್ತಾರು ವಾದ್ಯಗಳಲ್ಲಿ ಒಟ್ಟಿಗೆ ನುಡಿಸುತ್ತದೆ. ದಸರೆಯ ಸಂಜೆ ಅರಮನೆಯ ಮುಂದೆ ನಿಂತು ಅದನ್ನು ಕೇಳಿದರೆ ಸಿನಿಮಾ ಸಂಗೀತದ ಒಂದು ಮೂಲ ಗುಟ್ಟು ತಿಳಿಯುತ್ತದೆ: ರಾಗ ಒಂದೇ, ಸಾಲು ಒಂದೇ, ಆದರೆ ಅದನ್ನು ಪಿಟೀಲು ಬಿಟ್ಟು ಕ್ಲಾರಿನೆಟ್ ಎತ್ತಿಕೊಂಡ ಕೂಡಲೇ ಬಣ್ಣ ಬೇರೆ. ಹಾರ್ಮನಿ ಗೊತ್ತಿಲ್ಲದ ಕಿವಿಗೂ ಈ ಕೈಬದಲಾವಣೆ ಗೊತ್ತಾಗುತ್ತದೆ.

ರಾಜನ್–ನಾಗೇಂದ್ರ ಸೋದರರ ಶಕ್ತಿ ಇದ್ದದ್ದು ಇಲ್ಲೇ. ಶಿವರಾಂಪೇಟೆಯ ಮಕ್ಕಳು. ತಂದೆ ರಾಜಪ್ಪ ಹಾರ್ಮೋನಿಯಂ, ಕೊಳಲು ನುಡಿಸುವವರು, ಮೂಕಿಚಿತ್ರಗಳಿಗೆ ಪಕ್ಕವಾದ್ಯ ಕೊಟ್ಟವರು. ಪರದೆಯ ಮೇಲೆ ಬೊಂಬೆ ಓಡುತ್ತಿದ್ದರೆ ಅದರ ವೇಗಕ್ಕೆ ಬೆರಳು ಓಡಿಸುವ ಉದ್ಯೋಗ ಆ ಮನೆಯಲ್ಲಿ ಮಾತು ಬಂದ ಚಿತ್ರಗಳಿಗಿಂತ ಮೊದಲೇ ಇತ್ತೆನ್ನುವುದು ನನಗೆ ಮುಖ್ಯ. ರಾಜನ್ ಪಿಟೀಲು ಹಿಡಿದರು, ನಾಗೇಂದ್ರ ಜಲತರಂಗ. 1953ರ ‘ಸೌಭಾಗ್ಯಲಕ್ಷ್ಮಿ’ಯಿಂದ ಶುರುವಾದ ಅವರ ಪಯಣ ‘ಗಂಧದ ಗುಡಿ’, ‘ಎರಡು ಕನಸು’, ‘ಬಯಲು ದಾರಿ’, ‘ನಾ ನಿನ್ನ ಮರೆಯಲಾರೆ’, ‘ಹೊಂಬಿಸಿಲು’ ಹೊತ್ತಿಗೆ, ಅಂದರೆ ಎಪ್ಪತ್ತರ ದಶಕದಲ್ಲಿ, ನೆತ್ತಿಗೇರಿತ್ತು.

ಅವರ ಆ ಕಾಲದ ಯಾವುದಾದರೂ ಯುಗಳಗೀತೆ ಹಾಕಿಕೊಂಡು, ಸಾಹಿತ್ಯ ಬಿಟ್ಟು, ಪಲ್ಲವಿ ಮುಗಿದ ಜಾಗದಿಂದ ಕೇಳಿ. ಕೊಳಲು ಒಂದು ಸಣ್ಣ ಪ್ರಶ್ನೆ ಎತ್ತುತ್ತದೆ. ಪಿಟೀಲುಗಳ ಹಿಂಡು ಉತ್ತರ ಕೊಡುತ್ತದೆ, ಆದರೆ ಪೂರ್ತಿ ಕೊಡುವುದಿಲ್ಲ. ನಡುವೆ ಸಿತಾರೋ ಗಿಟಾರೋ ಒಂದೆರಡು ತಂತಿ ಮೀಟಿ ದಾರಿ ತಿರುಗಿಸುತ್ತದೆ. ಪಿಟೀಲುಗಳು ಮತ್ತೆ ಬಂದು, ಮೇಲಿನಿಂದ ಇಳಿದು, ಚರಣ ಹುಟ್ಟಬೇಕಾದ ಸ್ವರದ ಪಕ್ಕದ ಮೆಟ್ಟಿಲಲ್ಲಿ ನಿಂತುಬಿಡುತ್ತವೆ. ಆ ಕೊನೆಯ ಮೆಟ್ಟಿಲನ್ನು ದಾಟುವವರು ಪಿ.ಬಿ. ಶ್ರೀನಿವಾಸ್, ಎಸ್. ಜಾನಕಿ ಅಥವಾ ಎಸ್.ಪಿ. ಬಾಲಸುಬ್ರಹ್ಮಣ್ಯಂ. ಇದೆಲ್ಲ ಇಪ್ಪತ್ತು–ಮೂವತ್ತು ಸೆಕೆಂಡಿನ ಮಾತು. ಎರಡನೆಯ ಚರಣಕ್ಕೆ ಇದನ್ನೇ ತಿರುಗಿ ಹಾಕದೆ ಬೇರೆ ಬರೆಯುತ್ತಿದ್ದರು. ಆರ್ಕೆಸ್ಟ್ರಾದವರು ‘ಫಸ್ಟ್ ಬಿಜಿಎಂ, ಸೆಕೆಂಡ್ ಬಿಜಿಎಂ’ ಎಂದು ಬಿಡಿಸಿ ಹೇಳುವುದು ಇವುಗಳನ್ನೇ. ಆದಿ, ಮಧ್ಯ, ಅಂತ್ಯ ಮೂರೂ ಇರುವ ಪುಟ್ಟ ರಚನೆಗಳು.

ಅದೇ ಚಿತ್ರಗಳ ಹಿನ್ನೆಲೆ ಸಂಗೀತ ಕೇಳಿದರೆ ನಿರಾಸೆಯಾಗುತ್ತದೆ. ಖಳನಾಯಕ ಬಂದರೆ ತುತ್ತೂರಿ, ತಾಯಿ ಅತ್ತರೆ ಶಹನಾಯಿ, ಹೊಡೆದಾಟಕ್ಕೆ ಬೊಂಗೋ. ಕಾರಣ ಪ್ರತಿಭೆಯ ಕೊರತೆ ಅಲ್ಲ, ಕೆಲಸದ ರೀತಿ. ಹಾಡಿಗೆ ಕಂಪೋಸಿಂಗ್ ಎಂದು ದಿನಗಟ್ಟಲೆ ಕೂರುತ್ತಿದ್ದ ನಿರ್ಮಾಪಕರು ಹಿನ್ನೆಲೆ ಸಂಗೀತದ ರೀರೆಕಾರ್ಡಿಂಗ್‌ಗೆ ಬಿಡುಗಡೆಯ ದಿನ ಕತ್ತಿನ ಮೇಲೆ ಕೂತಾಗ ಮದರಾಸಿನ ಸ್ಟುಡಿಯೊಗೆ ಓಡುತ್ತಿದ್ದರು. ಹತ್ತು ಹನ್ನೊಂದು ನಿಮಿಷದ ಒಂದೊಂದು ರೀಲನ್ನು ಪರದೆಗೆ ಬಿಟ್ಟು, ಗಡಿಯಾರ ನೋಡಿ, ಅಲ್ಲೇ ಸ್ವರ ಬರೆಸಿ, ವಾದಕರು ನೋಡಿದ ಕೂಡಲೇ ನುಡಿಸಬೇಕು. ಜೊತೆಗೆ ಆಗಿನ ಮೋನೋ ಧ್ವನಿಪಥ: ತೀರಾ ಕೆಳಗಿನ ನಾದವೂ ನಿಲ್ಲದು, ತೀರಾ ಮೇಲಿನದೂ ನಿಲ್ಲದು, ಮಾತು, ಮಳೆ, ಕುದುರೆ, ಪಿಟೀಲು ಎಲ್ಲವೂ ಪರದೆಯ ಹಿಂದಿನ ಸ್ಪೀಕರಿನಿಂದಲೇ ಬರಬೇಕು. ಮಾತಿನ ಅಡಿಯಲ್ಲಿ ಸೂಕ್ಷ್ಮವಾದ ಏನನ್ನು ಇಟ್ಟರೂ ಮಣ್ಣಾಗುತ್ತಿತ್ತು. ಮಾತಿಲ್ಲದ ಜಾಗ ಹಾಡೊಂದೇ. ಒಳ್ಳೆಯ ಸಂಗೀತಗಾರ ತನ್ನ ಒಳ್ಳೆಯದನ್ನು ಕೇಳಿಸುವ ಜಾಗದಲ್ಲಿ ಇಟ್ಟ.

ಜಿ.ಕೆ. ವೆಂಕಟೇಶ್ ಈ ಕಟ್ಟಿನೊಳಗೇ ಬೇರೆ ದಾರಿ ಹುಡುಕಿದವರು. ‘ಜೇಡರ ಬಲೆ’ಯ ಬಾಂಡ್ ಗತ್ತಿನಿಂದ ‘ಮಯೂರ’ದ ರಾಜಗಾಂಭೀರ್ಯದವರೆಗೆ ಅವರ ಹರವು ದೊಡ್ಡದು. ‘ಸನಾದಿ ಅಪ್ಪಣ್ಣ’ದಲ್ಲಂತೂ ಬಿಸ್ಮಿಲ್ಲಾ ಖಾನರ ಶಹನಾಯಿಯನ್ನು ಕರೆತಂದು, ವಾದ್ಯವನ್ನೇ ಕಥೆಯ ಪಾತ್ರವಾಗಿಸಿದರು. ಅವರ ಬಳಿ ಸಹಾಯಕನಾಗಿ ದುಡಿದ ಇಳಯರಾಜ ಮುಂದೆ ‘ಗೀತಾ’, ‘ಪಲ್ಲವಿ ಅನುಪಲ್ಲವಿ’ಗಳಲ್ಲಿ ಚರಣಗಳ ನಡುವಿನ ಆ ಸಂಗೀತವನ್ನು ಎಲ್ಲಿಗೆ ಮುಟ್ಟಿಸಿದರು ಎಂಬುದಕ್ಕೆ ವ್ಯಾಖ್ಯಾನ ಬೇಕಿಲ್ಲ. 2024ರ ಯುವ ದಸರಾಕ್ಕೆ ಉತ್ತನಹಳ್ಳಿ ಬಯಲಲ್ಲಿ ‘ಕೆಜಿಎಫ್’ನ ರವಿ ಬಸ್ರೂರು ಒಂದು ದಿನ, ಇಳಯರಾಜ ಇನ್ನೊಂದು ದಿನ ಬಂದಿದ್ದರು. ನನ್ನ ಈ ಲೇಖನದ ಎರಡೂ ತುದಿಗಳು ಒಂದೇ ವಾರದಲ್ಲಿ, ಒಂದೇ ವೇದಿಕೆಯ ಮೇಲೆ.

ವಿಜಯಭಾಸ್ಕರ್ ಅವರ ಪ್ರಕರಣ ಇನ್ನೂ ಕುತೂಹಲದ್ದು. ಪಿರಿಯಾಪಟ್ಟಣ ಸೀಮೆಯ ಕಣಗಾಲಿನ ಪುಟ್ಟಣ್ಣನವರ ಚಿತ್ರಗಳಲ್ಲಿ ಅವರ ಹಿನ್ನೆಲೆ ಸಂಗೀತ ಹೆಚ್ಚಾಗಿ ಅಂಡರ್‌ಲೈನ್ ಹಾಕುವ ಸಂಗೀತ. ‘ಶರಪಂಜರ’ದ ಕಾವೇರಿಯ ಮನಸ್ಸು ಕದಡಿದಾಗ ಕ್ಯಾಮೆರಾ ಮುಖಕ್ಕೆ ನುಗ್ಗುತ್ತದೆ, ಅದರ ಹಿಂದೆಯೇ ತಂತಿವಾದ್ಯಗಳೂ ನುಗ್ಗುತ್ತವೆ. ಕಲ್ಪನಾ ಅವರ ಕಣ್ಣು ಆಗಲೇ ಹೇಳಿದ್ದನ್ನು ವಾದ್ಯಗಳು ಕೂಗಿ ಹೇಳುತ್ತವೆ. ಇದೇ ವಿಜಯಭಾಸ್ಕರ್ ಅಡೂರು ಗೋಪಾಲಕೃಷ್ಣನ್ ಅವರ ‘ಮದಿಲುಗಳ್’ ಮತ್ತು ‘ವಿಧೇಯನ್’ಗೆ ಕೊಟ್ಟ ಸಂಗೀತ ಎಷ್ಟು ಮಿತ, ಎಷ್ಟು ದೂರದ್ದು! ಕೇಳುವವರು ಬೇರೆಯಾದಾಗ ಅದೇ ಕೈ ಬೇರೆ ಬರೆಯಿತು. ಹಾಗಾಗಿ ಹಳೆಯ ಹಿನ್ನೆಲೆ ಸಂಗೀತದ ಅಬ್ಬರಕ್ಕೆ ಸಂಗೀತ ನಿರ್ದೇಶಕರನ್ನೊಬ್ಬರನ್ನೇ ಹೊಣೆ ಮಾಡುವುದು ಅನ್ಯಾಯ.

ಈ ಅಬ್ಬರಕ್ಕೆ ಬೆನ್ನು ತಿರುಗಿಸಿದ ಪಂಥ ಇನ್ನೊಂದಿದೆ, ಅದರ ಇಬ್ಬರು ದೊಡ್ಡವರ ಬದುಕೂ ಮೈಸೂರಿಗೆ ಹೊಂದಿಕೊಂಡದ್ದೇ. 1970ರ ‘ಸಂಸ್ಕಾರ’ಕ್ಕೆ ಸಂಗೀತ ಕೊಟ್ಟ ಸರೋದ್ ವಾದಕ ರಾಜೀವ ತಾರಾನಾಥರು 2024ರ ಜೂನ್‌ನಲ್ಲಿ ಕೊನೆಯುಸಿರೆಳೆದದ್ದು ಈ ಊರಲ್ಲಿ. 1989ರಲ್ಲಿ ಇಲ್ಲಿ ರಂಗಾಯಣ ಕಟ್ಟಿದ ಬಿ.ವಿ. ಕಾರಂತರು ಅದಕ್ಕೂ ಮೊದಲೇ ‘ಋಷ್ಯಶೃಂಗ’ ಮತ್ತು ‘ಘಟಶ್ರಾದ್ಧ’ಗಳ ಸಂಗೀತಕ್ಕೆ ಬೆನ್ನುಬೆನ್ನಿಗೆ ರಾಷ್ಟ್ರಪ್ರಶಸ್ತಿ ಪಡೆದಿದ್ದರು. ‘ಚೋಮನ ದುಡಿ’ಯ ಕೊನೆಯಲ್ಲಿ ವಾಸುದೇವರಾಯರು ಬಾಗಿಲು ಹಾಕಿಕೊಂಡು ಬಡಿಯುವ ದುಡಿಯ ಮುಂದೆ ನೂರು ಪಿಟೀಲು ತಂದು ನಿಲ್ಲಿಸಿದರೂ ಅಷ್ಟೇ. ಅಲ್ಲಿ ಸಂಗೀತ ದೃಶ್ಯದ ಹಿನ್ನೆಲೆಯಲ್ಲಿಲ್ಲ. ಚೋಮನ ಕೈಯಲ್ಲೇ ಇದೆ.

ಇಷ್ಟು ಮೆಚ್ಚಿಯೂ ಒಂದು ತಕರಾರು. ಈ ಪಂಥದ ಅಭಿಮಾನಿಗಳಲ್ಲಿ ವಾದ್ಯವೃಂದ ಅಂದರೆ ಮೂಗು ಮುರಿಯುವ ಚಾಳಿ ಬೆಳೆಯಿತು. ಪಿಟೀಲು ಹೆಚ್ಚಾದರೆ ಕಮರ್ಷಿಯಲ್, ಒಂಟಿ ಕೊಳಲಾದರೆ ಕಲೆ ಎಂಬ ಲೆಕ್ಕ. ಕಾರಂತರ ಮೌನಕ್ಕೆ ಒಳಗಿನಿಂದ ಒಂದು ಒತ್ತಡ ಇತ್ತು. ಅವರ ನಂತರದ ಎಷ್ಟೋ ಪ್ರಶಸ್ತಿ ಚಿತ್ರಗಳ ಮೌನಕ್ಕೆ ಕಾರಣ ಬಜೆಟ್ಟು, ಇಲ್ಲವೇ ಸೋಮಾರಿತನ. ತಂಬೂರಿ, ಜೀರುಂಡೆ, ದೂರದಲ್ಲೊಂದು ನಾಯಿ, ಕೆಲಸ ಮುಗಿಯಿತು! ಈ ಅಭಿಮಾನಿಗಳ ದೆಸೆಯಿಂದ ರಾಜನ್–ನಾಗೇಂದ್ರರ ಕಸುಬನ್ನು ಕಿವಿಗೊಟ್ಟು ಬಿಡಿಸಿ ನೋಡಬೇಕಾದ ನಮ್ಮ ವಿಮರ್ಶೆ ಸಾಹಿತ್ಯ ಚೆನ್ನಾಗಿದೆ, ಟ್ಯೂನ್ ಇಂಪಾಗಿದೆ ಎಂಬಲ್ಲಿಗೇ ನಿಂತಿತು.

1987ರ ‘ಪ್ರೇಮಲೋಕ’ದಿಂದ ಆಚೆಗಿನ ಕಥೆ ಬೇಗ ಹೇಳಬಹುದು. ಮೈಸೂರಿನಲ್ಲೇ ಹುಟ್ಟಿದ ಹಂಸಲೇಖ ಕೀಬೋರ್ಡನ್ನು ನಡುಮನೆಗೆ ತಂದರು. ಹಾಡಿಗೆ ಹೊಸ ಚುರುಕು ಬಂತು, ಪಿಟೀಲಿನವರಿಗೆ ಕೆಲಸ ಕಡಿಮೆಯಾಯಿತು. ಹಂಸಲೇಖರ ಕೈಯಲ್ಲಿ ಆ ಯಂತ್ರಕ್ಕೂ ಹಾಸ್ಯ, ತುಂಟತನ ಇತ್ತು, ಅನುಕರಿಸಿದವರಲ್ಲಿ ಅದು ಉಳಿಯಲಿಲ್ಲ. ‘ಗಾನಯೋಗಿ ಪಂಚಾಕ್ಷರಿ ಗವಾಯಿ’ಯಲ್ಲಿ ಅವರೇ ಶಾಸ್ತ್ರೀಯದ ಕಡೆ ಹೊರಳಿ ರಾಷ್ಟ್ರಪ್ರಶಸ್ತಿ ತಂದರು. 2023ರಲ್ಲಿ ಚಾಮುಂಡಿ ಬೆಟ್ಟದ ಮೇಲೆ ದಸರಾ ಉದ್ಘಾಟಿಸಿದ್ದೂ ಅವರೇ.

ಈಗ ಹುಡುಗರ ಪಕ್ಷದ ಮಾತಿಗೆ ಬರೋಣ. ಡಾಲ್ಬಿ ಹಾಲ್‌ಗಳಲ್ಲಿ ಕೆಳಸ್ವರಕ್ಕೆ ಬೇರೆಯೇ ಸ್ಪೀಕರ್ ಇದೆ, ಮಾತಿನ ಅಡಿಯಲ್ಲೂ ಸಂಗೀತಕ್ಕೆ ಜಾಗ ಇದೆ. ರಾಜನ್–ನಾಗೇಂದ್ರರಿಗೆ ಸಿಗದ ಸೌಕರ್ಯ. ರವಿ ಬಸ್ರೂರು ಅದನ್ನು ಪೂರ್ತಿ ಬಳಸಿದರು. ‘ಕೆಜಿಎಫ್’ನಲ್ಲಿ ತಾಯಿಯ ಸ್ವರದ ಎಳೆಯೊಂದು ಸಿನಿಮಾದುದ್ದಕ್ಕೂ ವೇಷ ಬದಲಿಸಿ ಬರುತ್ತದೆ, ಹಳೆಯ ಚಿತ್ರಗಳಲ್ಲಿ ಇಂಥ ಹೆಣಿಗೆ ಅಪರೂಪ. ಇದು ಗಳಿಕೆಯೇ. ಆದರೆ ಎಳೆ ಬೆಳೆಯುವುದಕ್ಕಿಂತ ಊದುವುದೇ ಹೆಚ್ಚು. ಮೊದಲ ಸಲ ಒಂಟಿ ದನಿ, ಎರಡನೆಯ ಸಲ ಗುಂಪು ದನಿ, ಮೂರನೆಯ ಸಲ ಗುಂಪು ದನಿಯ ಮೇಲೆ ನಗಾರಿ. ಕೆಲಸ ಹಗುರವಾಗಲೆಂದು ರೆಡಿ ಸಿಗುವ ಸ್ಯಾಂಪಲ್‌ಗಳು ಎಲ್ಲರ ಕಂಪ್ಯೂಟರಿನಲ್ಲೂ ಅವೇ ಆದ್ದರಿಂದ ಕನ್ನಡದ ನಾಯಕನ ಹಿಂದೆ ಘರ್ಜಿಸುವ ಕೋರಸ್ಸೂ ತೆಲುಗಿನವನ ಹಿಂದೆ ಘರ್ಜಿಸುವ ಕೋರಸ್ಸೂ ಅಣ್ಣತಮ್ಮಂದಿರ ಹಾಗೆ ಕೇಳಿಸುತ್ತವೆ.

ಬಿ. ಅಜನೀಶ್ ಲೋಕನಾಥ್ ಬಗ್ಗೆ ನನ್ನ ಅಭಿಪ್ರಾಯ ಇಷ್ಟು ಸರಳವಿಲ್ಲ. 2022ರ ‘ಕಾಂತಾರ’ದ ಕೊನೆಯಲ್ಲಿ ಮೈ ಜುಮ್ಮೆನ್ನಿಸಿದ್ದು ಯಾವ ವಾದ್ಯವೂ ಅಲ್ಲ, ದೈವದ ಕೂಗು. ಆ ಕೂಗಿಗೆ ದಾರಿ ಬಿಟ್ಟು ಹಿಂದೆ ಸರಿಯಬೇಕೆಂದು ತಿಳಿದ ಕಿವಿ ಅಲ್ಲಿದೆ. ಅದೇ ವರ್ಷ ಪುನೀತ್ ಅವರ ‘ಗಂಧದ ಗುಡಿ’ ಸಾಕ್ಷ್ಯಚಿತ್ರಕ್ಕೂ ಸಂಗೀತ ಅವರದ್ದೇ. ಮೈಸೂರಿನ ಎಂ.ಪಿ. ಶಂಕರ್ ನಿರ್ಮಿಸಿದ 1973ರ ‘ಗಂಧದ ಗುಡಿ’ಯ ಪಕ್ಕ ಇದನ್ನಿಟ್ಟು ಕೇಳಬೇಕು. ಕಾಡು ಎರಡರಲ್ಲೂ ಇದೆ. ಹಳೆಯದರಲ್ಲಿ ಕಾಡು ನಾಯಕನ ಹಾಡಿನೊಳಗೆ, ತಾಳಕ್ಕೆ ಕುಣಿಯುತ್ತ ಬರುತ್ತದೆ; ಸಿಳ್ಳೆ ಹಾಕಿ ಮನೆಗೆ ಒಯ್ಯಬಹುದು. ಹೊಸದರಲ್ಲಿ ಸಂಗೀತ ಮಂಜಿನ ಹಾಗೆ ಹರಡಿಕೊಳ್ಳುತ್ತದೆ. ಹಾಲ್‌ನಲ್ಲಿ ಕೂತಿದ್ದಾಗ ಅದು ಸುತ್ತುವರಿದಷ್ಟು ಹಳೆಯದು ಸುತ್ತುವರಿಯಲಾರದು, ಒಪ್ಪುತ್ತೇನೆ. ಹೊರಗೆ ಬಂದು ನೆನಪಿಸಿಕೊಳ್ಳಲು ಹೋದರೆ ಸಿಗುವುದು ಮಾತ್ರ ಪುನೀತರ ನಗು, ಸ್ವರ ಅಲ್ಲ.

ನೆನಪಲ್ಲಿ ಉಳಿಯುವುದೊಂದೇ ಅಳತೆಗೋಲೇ ಎಂದು ಕಿರಿಯರು ಕೇಳಬಹುದು. ಅಲ್ಲ, ಹಿನ್ನೆಲೆ ಸಂಗೀತ ದೃಶ್ಯದೊಳಗೆ ಕರಗಿಹೋಗುವುದೂ ಒಂದು ಗುಣ. ಆದರೆ ಕರಗುವುದು ಬೇರೆ, ದೃಶ್ಯವನ್ನೇ ಮುಳುಗಿಸುವುದು ಬೇರೆ. ಅಬ್ಬರಿಸಿದ್ದಕ್ಕೆ ನನ್ನ ಆಕ್ಷೇಪವಿಲ್ಲ, ದಸರೆಯ ಊರಿನವರಿಗೆ ಫಿರಂಗಿಯ ಸದ್ದು ಹೊಸದಲ್ಲ. ಒಂದು ವಾದ್ಯ ಇನ್ನೊಂದಕ್ಕೆ ಮಾತು ಒಪ್ಪಿಸುವ ಸೌಜನ್ಯ ಈ ಹೊಸ ಶಾಲೆಯಲ್ಲಿಲ್ಲ ಎಂಬುದು ಆಕ್ಷೇಪ. ಎಲ್ಲರೂ ಒಟ್ಟಿಗೆ ಬರುತ್ತಾರೆ, ಒಟ್ಟಿಗೆ ಏರುತ್ತಾರೆ, ಕಟ್ ಆದ ಕೂಡಲೇ ಒಟ್ಟಿಗೆ ನಿಲ್ಲುತ್ತಾರೆ.

ಆ ಹಳೆಯ ಶಾಲೆಯ ಪಾಠ ಎಲ್ಲಿ ಉಳಿದಿದೆ ಎಂದರೆ, ಚಿತ್ರೋತ್ಸವಗಳಲ್ಲೂ ಅಲ್ಲ, ವಿಶ್ವವಿದ್ಯಾಲಯದ ಸಂಗೀತ ವಿಭಾಗಗಳಲ್ಲೂ ಅಲ್ಲ. ಗಣಪತಿ ಪೆಂಡಾಲಿನಲ್ಲಿ, ಮದುವೆಯ ರಿಸೆಪ್ಷನ್ನಿನಲ್ಲಿ ನುಡಿಸುವ ಆರ್ಕೆಸ್ಟ್ರಾ ಹುಡುಗರ ಬೆರಳಲ್ಲಿ. ಬರೆದ ಸ್ವರ ಅವರ ಕೈಗೆ ಯಾರೂ ಕೊಟ್ಟಿಲ್ಲ; ಕ್ಯಾಸೆಟ್ಟನ್ನು, ಈಗ ಮೊಬೈಲನ್ನು, ಹಿಂದಕ್ಕೆ ಮುಂದಕ್ಕೆ ಎಳೆದು ಕೇಳಿ ಪಿಟೀಲಿನ ಸಾಲನ್ನು ಕೀಬೋರ್ಡಿಗೆ, ಕೊಳಲಿನದನ್ನು ಕೊಳಲಿಗೇ ಇಳಿಸಿಕೊಂಡಿದ್ದಾರೆ. ಗಾಯಕ ಒಂದು ಸಂಗತಿ ತಪ್ಪಿದರೆ ಜನ ಸುಮ್ಮನಿರುತ್ತಾರೆ. ಎರಡನೆಯ ಚರಣಕ್ಕೆ ಮುಂಚೆ ಮೊದಲನೆಯ ಬಿಜಿಎಂ ಅನ್ನೇ ತಿರುಗಿಸಿ ನುಡಿಸಿಬಿಟ್ಟರೆ, ಹಿಂದಿನ ಸಾಲಿನ ಕುರ್ಚಿಯಿಂದ ಯಾರೋ ಒಬ್ಬ ಯಜಮಾನರು ‘ಏ, ಅದು ಫಸ್ಟಿಂದು ಕಣಯ್ಯಾ!’ ಎಂದು ಕೂಗೇ ಕೂಗುತ್ತಾರೆ.