ಮುಳ್ಳುತಂತಿಯೊಳಗಿನ ಹಕ್ಕಿಯ ಪುಸ್ತಕ

ಸಂಕಟದಲ್ಲಿರುವವನಿಗೆ ಪ್ರಕೃತಿಯ ಮಡಿಲಲ್ಲಿ ಸಮಾಧಾನವುಂಟು ಎಂಬ ಮಾತನ್ನು ನಾವು, ಎಂದರೆ ಸಾಹಿತ್ಯವನ್ನು ಪಾಠ ಹೇಳಿ ಹೊಟ್ಟೆ ಹೊರೆಯುವವರು, ಎಷ್ಟು ಸಲ ಹೇಳಿದ್ದೇವೆಯೋ ಲೆಕ್ಕವಿಲ್ಲ. ಹೇಳುವಾಗ ನಾಲಗೆ ತಡವರಿಸುವುದಿಲ್ಲ. ಕೇಳುವ ಹುಡುಗರೂ ಅದನ್ನು ಪರೀಕ್ಷೆಯಲ್ಲಿ ಹಾಗೆಯೇ ಒಪ್ಪಿಸುತ್ತಾರೆ. ಈ ಮಾತು ಎಷ್ಟರಮಟ್ಟಿಗೆ ನಿಜವೆಂದು ನನ್ನನ್ನು ಯೋಚನೆಗೆ ಹಚ್ಚಿದ್ದು ಯಾವ ಕಾವ್ಯವೂ ಅಲ್ಲ, ಒಂದು ಪಕ್ಷಿಶಾಸ್ತ್ರದ ಗ್ರಂಥ. ಜಾನ್ ಬಕ್ಸ್‌ಟನ್ ಬರೆದ ‘ದಿ ರೆಡ್‌ಸ್ಟಾರ್ಟ್’ ಎಂಬ ಆ ಪುಸ್ತಕವನ್ನು ಲಂಡನ್ನಿನ ಕಾಲಿನ್ಸ್ ಸಂಸ್ಥೆ ೧೯೫೦ರಲ್ಲಿ ಪ್ರಕಟಿಸಿತು. ಒಂದೇ ಒಂದು ಹಕ್ಕಿಯನ್ನು ಕುರಿತ ಈ ಪುಸ್ತಕ ಹುಟ್ಟಿದ್ದು ಜರ್ಮನಿಯ ಯುದ್ಧಕೈದಿಗಳ ಶಿಬಿರದಲ್ಲಿ.

ರೆಡ್‌ಸ್ಟಾರ್ಟ್ ಎಂದರೆ ಕೆಂಪು ಬಾಲದ್ದು ಎಂದರ್ಥ. ‘ಸ್ಟಾರ್ಟ್’ ಎಂಬುದು ಹಳೆಯ ಇಂಗ್ಲಿಷಿನಲ್ಲಿ ಬಾಲಕ್ಕಿದ್ದ ಹೆಸರು. ನಾನು ಇಲ್ಲಿ ಕೆಂಬಾಲ ಎಂದೇ ಕರೆಯುತ್ತೇನೆ. ಗುಬ್ಬಿಗಿಂತ ತೆಳ್ಳಗಿನ ಮೈ. ಗಂಡಿಗೆ ಬಿಳಿಯ ಹಣೆ, ಕಪ್ಪು ಗಂಟಲು, ಬೂದು ಬೆನ್ನು, ಕಿತ್ತಳೆಗೆಂಪಿನ ಎದೆ. ಕೂತಲ್ಲಿಯೂ ಸುಮ್ಮನಿರದೆ ನಡುಗುತ್ತಿರುವ ಬಾಲ. ಜರ್ಮನರು ಇದಕ್ಕೆ ‘ತೋಟದ ಕೆಂಬಾಲ’ ಎಂಬರ್ಥದ ಹೆಸರಿಟ್ಟಿದ್ದಾರೆ. ಆಫ್ರಿಕದಲ್ಲಿ ಚಳಿಗಾಲ ಕಳೆದು ವಸಂತದಲ್ಲಿ ಯೂರೋಪಿಗೆ ಮರಳುವ ಈ ಹಕ್ಕಿ ಮರದ ಪೊಟರೆಯಲ್ಲೋ ಗೋಡೆಯ ಬಿರುಕಿನಲ್ಲೋ ಗೂಡು ಮಾಡುತ್ತದೆ. ಇದರ ದಾಯಾದಿಯಾದ ‘ಮನೆಯ ಕೆಂಬಾಲ’ ಚಳಿಗಾಲದಲ್ಲಿ ನಮ್ಮ ದಖ್ಖನಿನ ಹಿತ್ತಲುಗಳಿಗೂ ಬರುತ್ತದೆ. ಬಾಲ ನಡುಗಿಸುವ ಹಕ್ಕಿಯೊಂದನ್ನು ಡಿಸೆಂಬರಿನಲ್ಲಿ ಕಂಡ ಓದುಗರು ಇದ್ದೇ ಇದ್ದಾರು.

ಬಕ್ಸ್‌ಟನ್ ಕವಿ, ಮುಂದೆ ಆಕ್ಸ್‌ಫರ್ಡಿನಲ್ಲಿ ಸಾಹಿತ್ಯದ ವಿದ್ವಾಂಸನಾಗಿ ಹೆಸರಾದವನು. ೧೯೪೦ರಲ್ಲಿ ನಾರ್ವೆಯ ಕಾಳಗದಲ್ಲಿ ಸೆರೆಸಿಕ್ಕಿ, ಯುದ್ಧ ಮುಗಿಯುವವರೆಗೆ ಐದು ವರ್ಷ ಲಾವ್‌ಫೆನ್, ವಾರ್‌ಬುರ್ಗ್, ಐಕ್‌ಷ್ಟೆಟ್ ಎಂಬ ಮೂರು ಊರುಗಳ ಶಿಬಿರಗಳಲ್ಲಿ ಕಳೆದ. ಸೆರೆಯಾದ ಮೊದಲ ಬೇಸಗೆಯಲ್ಲಿ ಬವೇರಿಯಾದ ನದಿಯೊಂದರ ಬಳಿ ಬಿಸಿಲಿಗೆ ಮೈಯೊಡ್ಡಿ ಮಲಗಿದ್ದಾಗ ಚೆರ್ರಿ, ಚೆಸ್ಟ್‌ನಟ್ ಮರಗಳ ನಡುವೆ ಕೆಂಬಾಲಗಳ ಒಂದು ಸಂಸಾರ ಅವನ ಕಣ್ಣಿಗೆ ಬಿತ್ತು. ಪುಸ್ತಕದ ಬೀಜ ಅದು.

ನಮ್ಮ ಅಭ್ಯಾಸದಂತೆ ಇಲ್ಲಿಂದ ಮುಂದೆ ಏನು ನಡೆಯಬೇಕು? ಸೆರೆಯಾಳಿನ ಕಣ್ಣು ತುಂಬಬೇಕು. ರೆಕ್ಕೆಯುಳ್ಳ ಹಕ್ಕಿಗೂ ಕಟ್ಟಿಬಿದ್ದ ಮನುಷ್ಯನಿಗೂ ಹೋಲಿಕೆ ಹುಟ್ಟಬೇಕು. ನಮ್ಮ ಪರಂಪರೆಯಲ್ಲಿ ಹಕ್ಕಿಗೆ ಈ ಕೆಲಸ ಬಹುಕಾಲದಿಂದ ಗೊತ್ತಾಗಿದೆ. ಅಕ್ಕಮಹಾದೇವಿ ಗಿಳಿ ಕೋಗಿಲೆಗಳನ್ನು ಕರೆದು ಚೆನ್ನಮಲ್ಲಿಕಾರ್ಜುನನ ಸುಳಿವು ಕೇಳುತ್ತಾಳೆ. ಕಾಳಿದಾಸನ ಪುರೂರವ ನವಿಲನ್ನೂ ಹಂಸವನ್ನೂ ತಡೆದು ಊರ್ವಶಿಯನ್ನು ಕಂಡಿರಾ ಎಂದು ವಿಚಾರಿಸುತ್ತಾನೆ. ದಮಯಂತಿಗೆ ಹಂಸವೇ ದೂತ. ಇವೆಲ್ಲ ಮಹತ್ತಾದ ಕಾವ್ಯವೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಇವುಗಳಲ್ಲಿ ಹಕ್ಕಿ ನಮ್ಮ ಅಳಲನ್ನು ಹೊರುವ ವಾಹನ. ಅದರ ಸ್ವಂತ ಸಂಸಾರವೇನು, ಅದು ದಿನಕ್ಕೆ ಎಷ್ಟು ಸಲ ಮರಿಗಳಿಗೆ ಹುಳು ತರುತ್ತದೆ ಎಂದು ಯಾರೂ ಕೇಳುವುದಿಲ್ಲ.

ಬಕ್ಸ್‌ಟನ್ ಕೇಳಿದ್ದು ಅದನ್ನೇ. ಕವಿಯಾಗಿಯೂ ಹಾಗೆ ಕೇಳಿದನೆಂಬುದು ನನಗೆ ಮೊದಲ ಓದಿನಲ್ಲಿ ನಿರಾಶೆ ತಂದಿತೆಂದು ಒಪ್ಪಿಕೊಳ್ಳುತ್ತೇನೆ. ಸೆರೆಯ ಮಾತು ಆರಂಭದ ಪುಟಗಳಲ್ಲಿ ಬಂದು ಬೇಗ ಹಿಂದೆ ಸರಿಯುತ್ತದೆ. ಆಮೇಲೆ ಗಂಡು ಬಂದದ್ದು, ಹೆಣ್ಣು ಬಂದದ್ದು, ಹಾಡು, ಗೂಡು, ಮೊಟ್ಟೆ, ಕಾವು, ಮರಿ ಎಂದು ಶಾಸ್ತ್ರದ ದಾರಿ. ತನಗೆ ಈ ಹಕ್ಕಿಗಳು ಪ್ರಿಯವಾದದ್ದು ಅವು ತನ್ನ ಲೋಕದವಲ್ಲ ಎಂಬ ಕಾರಣಕ್ಕೇ ಎಂಬ ಅರ್ಥದ ಮಾತನ್ನು ಅವನು ಹೇಳುತ್ತಾನೆ. ಹಕ್ಕಿ ಮರುಗಲಿಲ್ಲ, ಕಿವಿಗೊಡಲಿಲ್ಲ. ತಂತಿಯ ಬೇಲಿ ಅದಕ್ಕೆ ಕೂರಲು ಒಂದು ಜಾಗ, ಅಷ್ಟೆ. ಆ ಅಲಕ್ಷ್ಯದಲ್ಲಿಯೇ ಬಿಡುಗಡೆಯಿತ್ತು. ಎಲ್ಲರೂ ಅವರವರ ಯುದ್ಧವನ್ನೇ, ಹಸಿವನ್ನೇ, ಬಾರದ ಕಾಗದವನ್ನೇ ಮಾತಾಡುವ ಕಡೆಯಲ್ಲಿ, ಇದೊಂದನ್ನೂ ಅರಿಯದ ಜೀವವೊಂದು ಕಣ್ಣೆದುರು ಓಡಾಡಿಕೊಂಡಿರುವುದು ಸಣ್ಣ ಉಪಕಾರವಲ್ಲ.

ಆದರೆ ಹಕ್ಕಿಗೇ ಎಲ್ಲ ಯಶಸ್ಸನ್ನೂ ಒಪ್ಪಿಸಿ ಕೈತೊಳೆದುಕೊಂಡರೆ ಪುಸ್ತಕವನ್ನು ಅರ್ಧ ಓದಿದಂತೆ. ಇದರ ಜೀವಾಳವಿರುವುದು ಒಂದು ಅಂಕಿಯಲ್ಲಿ. ೧೯೪೩ರ ಏಪ್ರಿಲಿನಿಂದ ಜೂನ್‌ವರೆಗೆ ಐಕ್‌ಷ್ಟೆಟ್ ಶಿಬಿರದಲ್ಲಿ ಕೆಂಬಾಲಗಳ ಒಂದೇ ಒಂದು ಜೋಡಿಯನ್ನು ನೋಡಿದ ಕಾಲ ೮೫೦ ಗಂಟೆ. ಏಪ್ರಿಲ್, ಮೇ, ಜೂನ್ ಮೂರೂ ತಿಂಗಳು ಪೂರ್ತಿ ಹಿಡಿದರೂ ೯೧ ದಿನ; ಒಂದು ದಿನವೂ ಬಿಡದೆ ನೋಡಿದರೂ ದಿನಕ್ಕೆ ಒಂಬತ್ತು ಗಂಟೆ ಮೀರುತ್ತದೆ. ಹಾಜರಿಗೆ ನಿಲ್ಲಬೇಕಾದ, ಅನ್ನಕ್ಕೆ ಸಾಲು ಹಚ್ಚಬೇಕಾದ ಒಬ್ಬನೇ ಸೆರೆಯಾಳಿಗೆ ಇದು ಸಾಧ್ಯವೆ? ಸಾಧ್ಯವಿಲ್ಲ, ಒಬ್ಬನೇ ನೋಡಲೂ ಇಲ್ಲ. ಗೆಳೆಯರು ಪಾಳಿ ಹಾಕಿಕೊಂಡು ಕೂತರು. ಒಬ್ಬ ಎದ್ದರೆ ಇನ್ನೊಬ್ಬ ಆ ಜಾಗಕ್ಕೆ ಬಂದ. ಹಿಂದಿನವನ ಕೊನೆಯ ಸಾಲಿನ ಕೆಳಗೆ ತನ್ನ ಮೊದಲ ಸಾಲು ಬರೆದ. ಪುಸ್ತಕದ ಮುಖಪುಟದ ಮೇಲೆ ಒಂದೇ ಹೆಸರಿದೆಯಾದರೂ ಆ ಅಂಕಿಯೊಳಗೆ ಹಲವರ ಮೈ ಕೂತಿದೆ.

ಇದೇ ಕಾಲದಲ್ಲಿ ಇದೇ ಶಿಬಿರದಲ್ಲಿ ನಡೆದ ಇನ್ನೊಂದು ಸಂಗತಿಯನ್ನೂ ನೆನೆಯಬೇಕು. ೧೯೪೩ರ ಜೂನ್ ಮೊದಲ ವಾರದ ಒಂದು ರಾತ್ರಿ ೬೫ ಮಂದಿ ಅಧಿಕಾರಿಗಳು ಸುರಂಗ ತೋಡಿ ಐಕ್‌ಷ್ಟೆಟ್‌ನಿಂದ ತಪ್ಪಿಸಿಕೊಂಡರು. ಅಷ್ಟೂ ಜನ ಮತ್ತೆ ಸಿಕ್ಕಿಬಿದ್ದರು. ಒಂದು ಕಡೆ ನೆಲದ ಕೆಳಗೆ ಮಣ್ಣು ತೆಗೆಯುವ ಗುಂಪು, ಇನ್ನೊಂದು ಕಡೆ ಗೂಡಿನೆದುರು ಗಡಿಯಾರ ಹಿಡಿದ ಗುಂಪು. ಎರಡನೆಯದು ಹೇಡಿಗಳ ಕೆಲಸವೆಂದು ತಿಳಿಯಬೇಕಾದ್ದಿಲ್ಲ. ಜಿನೀವಾ ಒಪ್ಪಂದದಂತೆ ಸೆರೆಸಿಕ್ಕ ಅಧಿಕಾರಿಗಳನ್ನು ಕೂಲಿಗೆ ಹಚ್ಚುವಂತಿರಲಿಲ್ಲ. ಮುಗಿಯುವ ದಿನ ಗೊತ್ತಿಲ್ಲದ ಸೆರೆಯಲ್ಲಿ ಕೆಲಸವಿಲ್ಲದ ಹೊತ್ತೇ ಅವರಿಗೆ ಶತ್ರು. ಸುರಂಗವಾಗಲಿ ಗೂಡಾಗಲಿ, ಆ ಹೊತ್ತನ್ನು ಹಲವರು ಸೇರಿ ಹಂಚಿಕೊಳ್ಳುವ ಉಪಾಯ.

ಈ ಗೆಳೆಯರಲ್ಲಿ ಕೆಲವರ ಹೆಸರು ಆಮೇಲೆ ಲೋಕಕ್ಕೆ ತಿಳಿಯಿತು. ಕ್ರೀಟ್ ದ್ವೀಪದಲ್ಲಿ ಸೆರೆಸಿಕ್ಕ ಜಾರ್ಜ್ ವಾಟರ್‌ಸ್ಟನ್ ಮೂತ್ರಪಿಂಡದ ಬೇನೆಯಿಂದಾಗಿ ೧೯೪೩ರಲ್ಲಿ ಊರಿಗೆ ಮರಳಿ, ೧೯೪೮ರಲ್ಲಿ ಸ್ಕಾಟ್ಲೆಂಡಿನ ಫೇರ್ ದ್ವೀಪದಲ್ಲಿ ಹಕ್ಕಿಗಳ ವೀಕ್ಷಣಾಲಯ ಕಟ್ಟಿದ. ಪೀಟರ್ ಕಾಂಡರ್ ೧೯೬೩ರಿಂದ ೧೯೭೫ರವರೆಗೆ ಬ್ರಿಟನ್ನಿನ ರಾಜಮಾನ್ಯ ಪಕ್ಷಿಸಂರಕ್ಷಣ ಸಂಘದ ನಿರ್ದೇಶಕನಾಗಿದ್ದ. ರಿಚರ್ಡ್ ಪರ್ಚನ್ ಪ್ರಾಣಿಶಾಸ್ತ್ರದ ಪ್ರಾಧ್ಯಾಪಕನಾದ. ಬರ್ಲಿನ್ನಿನ ವಸ್ತುಸಂಗ್ರಹಾಲಯದಲ್ಲಿದ್ದ ಮಹಾಪಂಡಿತ ಎರ್ವಿನ್ ಷ್ಟ್ರೇಸೆಮನ್, ಶತ್ರುದೇಶದವನಾಗಿಯೂ, ಶಿಬಿರದಿಂದ ಹೋದ ಬಕ್ಸ್‌ಟನ್‌ನ ಕಾಗದಕ್ಕೆ ಉತ್ತರಿಸಿ ನೆರವಾದ. ಈ ಷ್ಟ್ರೇಸೆಮನ್ ನಮಗೆ ಹೊರಗಿನವನಲ್ಲ. ೧೯೩೯-೪೦ರಲ್ಲಿ ಮೈಸೂರು ಸೀಮೆಯ ಹಕ್ಕಿಗಳನ್ನು ಸಮೀಕ್ಷೆ ಮಾಡಿದ ಸಲೀಂ ಅಲಿ ತನ್ನ ಗುರುವೆಂದು ನೆನೆಯುತ್ತಿದ್ದುದು ಈತನನ್ನೇ.

ಇಷ್ಟು ಓದಿ, ಹಕ್ಕಿಯನ್ನು ಪ್ರೀತಿಸುವವರೆಲ್ಲ ಒಳ್ಳೆಯವರೆಂದು ಹೇಳಹೊರಟರೆ ಎಡವುತ್ತೇವೆ. ಗ್ಯುಂಟರ್ ನೀಟ್‌ಹಾಮರ್ ಎಂಬ ಇನ್ನೊಬ್ಬ ಜರ್ಮನ್ ಪಕ್ಷಿಶಾಸ್ತ್ರಜ್ಞನಿದ್ದ. ಆತ ಆಷ್‌ವಿಟ್ಸ್‌ನಲ್ಲಿ ಎಸ್.ಎಸ್. ಕಾವಲುಗಾರ. ಮೇಲಧಿಕಾರಿಯ ಒಪ್ಪಿಗೆ ಪಡೆದು ಆ ಸಾವಿನ ನೆಲದ ಹಕ್ಕಿಗಳನ್ನು ನೋಡಿದ, ಬರೆದ. ಯುದ್ಧ ನಡೆಯುತ್ತಿರುವಾಗಲೇ ವಿಯೆನ್ನಾದ ವಸ್ತುಸಂಗ್ರಹಾಲಯದ ವಾರ್ಷಿಕದಲ್ಲಿ ಆ ಲೇಖನ ಅಚ್ಚಾಯಿತು. ಅವನ ಕಣ್ಣೂ ತೀಕ್ಷ್ಣವೇ. ಅವನ ಮುಂದೆ ಹಾಡಿದ ಹಕ್ಕಿಯೂ ಮೋಸ ಮಾಡಲಿಲ್ಲ. ತಂತಿಯ ಆಚೆಯವನಿಗೂ ಈಚೆಯವನಿಗೂ ಹಕ್ಕಿ ಒಂದೇ ಬಗೆಯಾಗಿ ಹಾಡುತ್ತದೆ. ‘ಪ್ರಕೃತಿ ಮನಸ್ಸನ್ನು ತೊಳೆಯುತ್ತದೆ’ ಎಂಬ ವಾಕ್ಯವನ್ನು ಕಪ್ಪುಹಲಗೆಯ ಮೇಲೆ ಬರೆಯುವಾಗ ನನಗೀಗ ಸೀಮೆಸುಣ್ಣ ತಡೆಯುತ್ತದೆ. ನೀಟ್‌ಹಾಮರ್ ನೋಡಿದ್ದು ಯಾರನ್ನು ಕಾಣದಿರುವುದಕ್ಕೆ? ಬಕ್ಸ್‌ಟನ್‌ನ ಗುಂಪು ನೋಡಿದ್ದು ಪಕ್ಕದವನ ಜೊತೆ ಕೂತು, ಪಕ್ಕದವನಿಗಾಗಿ. ಎರಡು ಲೇಖನಗಳಿಗಿರುವ ಅಂತರವನ್ನು ಹಕ್ಕಿಯ ಕಡೆಯಿಂದ ಅಳೆಯಲು ಬರುವುದಿಲ್ಲ.

ಪುಸ್ತಕದ ಕೊರತೆಯನ್ನೂ ಹೇಳಿಬಿಡಬೇಕು. ಪಾಳಿಯಲ್ಲಿ ಕೂತವರಿಗೆ ಮುಖವಿಲ್ಲ. ಅವರು ಹೇಗೆ ನಕ್ಕರು, ಯಾವ ದಿನ ಯಾರು ಜಗಳವಾಡಿದರು, ಮಳೆಯಲ್ಲಿ ಕೂರಲಾರೆನೆಂದವನನ್ನು ಯಾರು ಒಪ್ಪಿಸಿದರು ಎಂಬುದೆಲ್ಲ ಬೇಕೆನಿಸುತ್ತದೆ, ಸಿಗುವುದಿಲ್ಲ. ಹಕ್ಕಿಯ ಹರಹು, ವಲಸೆ, ಉಪಜಾತಿಗಳನ್ನು ಕುರಿತ ಪುಟಗಳು ಶಾಸ್ತ್ರಜ್ಞರಿಗೆ ಮೀಸಲು; ನಾನು ಅವನ್ನು ಹಾರಿಸಿ ಓದಿದೆನೆಂದರೆ ಯಾರೂ ತಪ್ಪು ತಿಳಿಯಬಾರದು. ೨೦೧೨ರಲ್ಲಿ ಡೆರೆಕ್ ನೀಮನ್ ಎಂಬ ಲೇಖಕರು ಬಕ್ಸ್‌ಟನ್, ಕಾಂಡರ್, ಪರ್ಚನ್, ವಾಟರ್‌ಸ್ಟನ್ ನಾಲ್ವರ ಕಥೆಯನ್ನು ‘ಬರ್ಡ್ಸ್ ಇನ್ ಎ ಕೇಜ್’ ಎಂಬ ಪುಸ್ತಕದಲ್ಲಿ ಬಿಡಿಸಿ ಬರೆದರು. ಮುಖ ಕಾಣಬೇಕೆನ್ನುವವರು ಅದನ್ನು ಓದಬೇಕು. ಆದರೂ ಬಕ್ಸ್‌ಟನ್‌ನ ಮೌನಕ್ಕೆ ಒಂದು ತೂಕವಿದೆ. ಗೆಳೆಯನ ಕಷ್ಟವನ್ನು ಬಣ್ಣಿಸಿದರೆ ಅದು ಬರೆಯುವವನ ಸೊತ್ತಾಗಿಬಿಡುತ್ತದೆ. ಅವನು ನೋಡಿ ಕೊಟ್ಟ ಗಂಟೆಯನ್ನು ಲೆಕ್ಕಕ್ಕೆ ಸೇರಿಸಿಕೊಂಡರೆ ಅದು ಅವನದಾಗಿಯೇ ಉಳಿಯುತ್ತದೆ.

ವಿಮರ್ಶೆಯಲ್ಲಿ ಸ್ವಂತದ ಮಾತು ಸಲ್ಲದೆಂದು ನನ್ನ ಗುರುಗಳು ಕಲಿಸಿದ್ದರು. ಆದರೂ ಒಂದನ್ನು ಬಿಟ್ಟರೆ ಈ ಲೇಖನ ಸುಳ್ಳಾದೀತು. ೨೦೨೧ರ ಮೇ ತಿಂಗಳಲ್ಲಿ, ರೋಗದ ಭಯದಿಂದ ಊರೂರೇ ಬಾಗಿಲು ಹಾಕಿಕೊಂಡಿದ್ದಾಗ, ದೂರದ ಊರಿನಲ್ಲಿ ನನ್ನ ಅಣ್ಣ ತೀರಿಕೊಂಡ. ಹೋಗಲಾಗಲಿಲ್ಲ. ಫೋನಿನಲ್ಲಿ ಬಂದ ಸಮಾಧಾನದ ಮಾತುಗಳೆಲ್ಲ ಒಳ್ಳೆಯ ಮನಸ್ಸಿನವೇ, ಒಂದೂ ಒಳಗಿಳಿಯಲಿಲ್ಲ. ನಮ್ಮ ಮನೆಯ ಕಾಂಪೌಂಡು ಗೋಡೆಯ ಬಿಲದಲ್ಲಿ ಮಡಿವಾಳ ಹಕ್ಕಿಯ ಜೋಡಿಯೊಂದು ಗೂಡು ಮಾಡಿತ್ತು. ಅಕ್ಕಪಕ್ಕದಲ್ಲಿದ್ದ ಇಬ್ಬರು ಸಹೋದ್ಯೋಗಿಗಳು, ಒಬ್ಬರು ಸಸ್ಯಶಾಸ್ತ್ರದವರು, ಇನ್ನೊಬ್ಬರು ಗಣಿತದವರು, ಒಂದು ನೋಟುಬುಕ್ಕನ್ನು ಗೋಡೆಯ ಮೇಲೆ ಕಲ್ಲು ಹೇರಿ ಇಟ್ಟು, ಬೆಳಗಿನ ಆರರಿಂದ ಏಳರವರೆಗಿನ ಪಾಳಿ ನನ್ನದೆಂದು ಹೇಳಿ ಹೋದರು. ಅಣ್ಣನ ಮಾತನ್ನು ಅವರು ಎತ್ತಲಿಲ್ಲ. ಗಂಡು ಬಂತೆ, ಹೆಣ್ಣು ಬಂತೆ, ಬಾಯಲ್ಲಿ ಹುಳುವಿತ್ತೆ ಎಂದಷ್ಟೇ ಬರೆಯಬೇಕಾಗಿತ್ತು. ಬರೆದೆ. ಬಕ್ಸ್‌ಟನ್‌ನ ಪುಸ್ತಕ ನನ್ನ ಕೈಸೇರಿದ್ದು ಅದಾದ ಎರಡು ವರ್ಷಕ್ಕೆ. ಮೊದಲ ಓದಿನಲ್ಲಿ ಒಣಗಿದವೆಂದು ತೋರಿದ ಅದರ ಪುಟಗಳನ್ನು ಮತ್ತೆ ತೆರೆಯುವ ಮೊದಲು ಆ ನೋಟುಬುಕ್ಕನ್ನು ಹುಡುಕಿ ತೆಗೆದೆ.

ಅದರಲ್ಲಿ ಮೂರು ಕೈಬರಹಗಳಿವೆ. ಅಣ್ಣನ ಹನ್ನೊಂದನೆಯ ದಿನ ನಾನು ಹೊರಗೆ ಬಂದಿರಲಿಲ್ಲ. ಆ ದಿನದ ಪುಟದಲ್ಲಿ ಆರರಿಂದ ಏಳರವರೆಗಿನ ಸಾಲುಗಳೂ ಖಾಲಿಯಾಗಿಲ್ಲ. ಗಂಡು ನಾಲ್ಕು ಸಲ, ಹೆಣ್ಣು ಆರು ಸಲ ಎಂದಿದೆ. ಅಕ್ಷರ ಗಣಿತದವರದು, ಕೆಳಗೆ ಬರೆದ ಹೆಸರು ನನ್ನದು.