ಗೀ ಗೀ ಪದದಾಗ ಅಂಜಿಕಿಗೂ ಒಂದು ಜಾಗಾ ಅದ

ಈ ಸಲದ ಜಾತ್ರಿಯೊಳಗೆ ರಾತ್ರಿ ಪೂರ್ತಿ ಕೂತು ಮೂರು ಹುಡುಗರ ಪದ ಕೇಳಿದೆ. ಮೂವರ ಕಂಠವೂ ಚಲೋ. ಆದರೆ ಒಬ್ಬನ ಪದವೂ ಮನಸ್ಸಿಗೆ ನಾಟಲಿಲ್ಲ. ಒಬ್ಬ ಬಸ್ಸಿಗೆ ಹೊತ್ತಾದವರ ಹಾಗೆ ಗಡಬಡಿಸಿ ಹಾಡಿ ಕೆಳಗಿಳಿದ. ಇನ್ನೊಬ್ಬ ಮೊಬೈಲ್ ನೋಡಿಕೋತ ಹಾಡಿದ. ಅವನ ಕಣ್ಣು ಒಮ್ಮೆಯೂ ಮಂದಿ ಕಡೆ ಏಳಲಿಲ್ಲ. ಮೂರನೆಯವ ಧೈರ್ಯಕ್ಕಂತ ಕುಡಿದು ಬಂದಿದ್ದ. ದನಿ ಜೋರಿತ್ತು, ತಾಳ ಇರಲಿಲ್ಲ.

"ಈಗಿನ ಹುಡುಗರದು ತಯಾರಿನೇ ಇಲ್ಲ" ಅಂತ ಕೆಲವರು ಅಂದರು. ನನಗೆ ಹಾಗೆ ಅನಿಸಲಿಲ್ಲ. ಮೂವರಿಗೂ ಆಗಿದ್ದು ಒಂದೇ, ಅಂಜಿಕಿ. ಅಂಜಿದ್ದು ತಪ್ಪಲ್ಲ. ಅಂಜಿಕಿಗೆ ಹಿರಿಯರು ಪದದೊಳಗೇ ಮಾಡಿಟ್ಟ ಮದ್ದು ಬಿಟ್ಟು ಹೊರಗಿನ ಮದ್ದು ಹುಡುಕಿದ್ದು ತಪ್ಪು. ಅದನ್ನೇ ಇಲ್ಲಿ ಬರೀತೇನಿ. ನಾನು ಕಲಿತದ್ದು ಏಳನೆಯ ಇಯತ್ತೆ. ಬರವಣಿಗಿ ತಪ್ಪಿದ್ದರೆ ಮಾಸ್ತರರು ತಿದ್ದಿಕೊಂಡು ಓದಬೇಕು.

ಮೊದಲು ನನ್ನದೇ ಹೇಳಿಬಿಡತೇನಿ. ಆಗ ನನಗೆ 19 ವರ್ಷ. ಜೋಳದ ರಾಶಿ ಮುಗಿದಿತ್ತು. ಪರವೂರಾಗ ಮೊದಲನೇ ಸಲ ಕಟ್ಟಿ ಹತ್ತಿದ್ದೆ. ಗ್ಯಾಸಬತ್ತಿ ಬೆಳಕಿನಾಗ ಎದುರಿಗೆ ಬರೇ ರುಮಾಲು ಕಾಣತಿದ್ದವು. ಬಾಯಿ ಒಣಗಿ ನಾಲಿಗಿ ಅಂಗಳಕ್ಕೆ ಹತ್ತಿತ್ತು. ಡಪ್ಪು ಹಿಡಿದ ಕೈ ಗಡಗಡ ನಡುಗತಿತ್ತು. ಎರಡು ನುಡಿ ಹೆಂಗೋ ಸಾಗಿದವು. ಮೂರನೇ ನುಡಿ ನಡುವೆ ಮಾತು ಹಾರಿಹೋಯಿತು. ಕುಂಟಿ ಹಿಂದೆ ನಡೀತಾ ನೂರು ಸಲ ಅಂದ ನುಡಿ ಅದು!

ಹಿಂದೆ ನಿಂತ ಇಬ್ಬರು ನನ್ನ ಮಾರಿ ನೋಡಿದರು. ತಡಾ ಮಾಡದೆ ಪಲ್ಲ ಎತ್ತಿಕೊಂಡು 'ಗೀಯ ಗಾ' ಅಂತ ಒಂದು ಸಲ ಹೇಳುವುದನ್ನು ಮೂರು ಸಲ ಹೇಳಿದರು. ಅಷ್ಟರಾಗ ತುಂತುಣಿಯವ ಬಗ್ಗಿ ನನ್ನ ಕಿವಿಯಾಗ ಮುಂದಿನ ಸಾಲಿನ ಮೊದಲನೇ ಶಬ್ದ ಹಾಕಿದ. ಪದ ಮುಂದೆ ಸಾಗಿತು. ಮುಂಜಾನೆ ಚಹಾ ಕುಡಿಯುವಾಗ ಆ ಊರ ಮುದುಕನೊಬ್ಬ, "ತಮ್ಮಾ, ಮೂರನೇ ನುಡಿಗೆ ಪಲ್ಲ ಎಳದ್ರಲ್ಲ, ಭಾಳ ಚಲೋ ಇತ್ತ ನೋಡು" ಅಂದ!

ದಾರಿಯೊಳಗೆ ನಮ್ಮ ಗುರುಗಳು ಬೈಯಲಿಲ್ಲ. "ಪಲ್ಲ ಯಾತಕ್ಕ ಅದ ಅಂತ ಈಗ ತಿಳೀತಿಲ್ಲೋ?" ಅಂತ ಇಷ್ಟೇ ಕೇಳಿದರು. ಅಂದಿನಿಂದ ನಾನು ಪದದ ಒಂದೊಂದು ಭಾಗವನ್ನೂ ಆ ಪ್ರಶ್ನೆ ಇಟ್ಟುಕೊಂಡೇ ನೋಡತೇನಿ.

ಮೊದಲು ಬರೋದು ಸ್ತುತಿ. ಅದು ದೇವರಿಗೆ, ಗುರುವಿಗೆ, ಕೂಡಿದ ಸಭಾಕ್ಕೆ. ದಿನಾ ಅದೇ, ಎಲ್ಲಾ ಊರಿಗೂ ಅದೇ. ನಿದ್ದಿಯೊಳಗೆ ಎಬ್ಬಿಸಿ ಕೇಳಿದರೂ ಬರತದೆ. ಎದಿ ಡವಡವ ಅನ್ನುವಾಗ ಹೊಸ ಮಾತು ಬಾಯಿಗೆ ಬರೋದಿಲ್ಲ, ರೂಢಿಯಾದದ್ದು ಬರತದೆ. ಸ್ತುತಿ ಮುಗಿಯೋದರೊಳಗೆ ಉಸಿರು ಹಾದಿಗೆ ಬರತದೆ, ಕಂಠ ಬಿಚ್ಚತದೆ, ಮಂದಿನೂ ಕೂತು ಸುಮ್ಮನಾಗತಾರೆ. ದೇವರ ಕೆಲಸವೂ ಆಯಿತು, ಹಾಡವನ ಕೆಲಸವೂ ಆಯಿತು.

ಎರಡನೆಯದು ಡಪ್ಪು. ಬರಿಗೈ ನಡುಗಿದರೆ ಮಂದಿಗೆ ಕಾಣತದೆ. ಡಪ್ಪು ಹಿಡಿದರೆ ಆ ಕೈಗೆ ಒಂದು ಕೆಲಸ ಸಿಗತದೆ. ಮೂರನೆಯದು ತುಂತುಣಿ. ಅದರ ತಂತಿ ಒಂದೇ ದನಿ ಹಿಡಿದಿರತದೆ. ಸ್ವರ ತಪ್ಪಿದವ ಅದನ್ನು ಕೇಳಿಯೇ ತಿರುಗಿ ಬರಬೇಕು. ನಾಲ್ಕನೆಯದು ಹಿಮ್ಮೇಳ. ಅವರು ಪಲ್ಲ ಹಿಡಿದಾಗ ಮುಂದಿನವನಿಗೆ ಉಸಿರು ತಗೊಳ್ಳಲು, ಮುಂದಿನ ನುಡಿ ನೆನಸಲು ವ್ಯಾಳ್ಯಾ ಸಿಗತದೆ. ನಮ್ಮ ಕಡೆ ಮರಾಠಿ ಶಾಹೀರರ ಪೋವಾಡಾ ಕೇಳಿದವರು ನೋಡಿರಬೇಕು: ಅಲ್ಲಿಯೂ ಡಫ, ಅಲ್ಲಿಯೂ ತುಂತುಣಿ, ಹಿಂದೆ ನಿಂತವರದು 'ಜೀ ಜೀ'. ನಮ್ಮದು 'ಗೀ ಗೀ'. ಭಾಷೆ ಎರಡಾದರೂ ಹಾಡವನ ಎದಿ ಒಂದೇ.

ಇದು ಪುಸ್ತಕದಾಗ ಕಾಣೋದಿಲ್ಲ. ಅಚ್ಚಿನಾಗ ಪಲ್ಲ ಒಂದೇ ಸಲ ಬರತದೆ. ಹಿಮ್ಮೇಳದವರು ಎಲ್ಲಿ ಎಳೆದರು, ಯಾಕೆ ಎಳೆದರು ಅಂತ ಬರೆದಿರೋದಿಲ್ಲ. ಅದಕ್ಕೇ ಓದಿ ವಿಮರ್ಶೆ ಮಾಡವರು "ಒಂದೇ ಸಾಲು ಎಷ್ಟು ಸಲ?" ಅಂತ ಬ್ಯಾಸರ ಮಾಡಿಕೊಳ್ಳತಾರೆ. ಹಲಸಂಗಿ ಗೆಳೆಯರು 1931ರಲ್ಲಿ 'ಗರತಿಯ ಹಾಡು' ಅಚ್ಚು ಹಾಕಿಸಿ ದೊಡ್ಡ ಉಪಕಾರ ಮಾಡಿದರು. ಆದರೆ ಬೀಸುವ ಕಲ್ಲಿನ ಎರಡೂ ಮಗ್ಗಲು ಇಬ್ಬರು ಕೂತು, ಒಬ್ಬಾಕಿಗೆ ದಮ್ಮು ಹತ್ತಿದಾಗ ಇನ್ನೊಬ್ಬಾಕಿ ಎತ್ತಿಕೊಳ್ಳೋದು ಯಾವ ಪುಸ್ತಕದಾಗೂ ಹಿಡಿಯೋದಿಲ್ಲ. ಅದನ್ನು ನಾನು ನಮ್ಮವ್ವನ ಹತ್ತಿರ ಕೂತು ಕೇಳೇನಿ.

ಇನ್ನೊಂದು ಮಾತು. ಅಂಜಿಕಿಯೊಳಗೆ ಎರಡು ಜಾತಿ ಅದಾವ. ಒಂದು ಮಂದಿ ಅಂಜಿಕಿ, ಇನ್ನೊಂದು ವಿಷಯದ ಅಂಜಿಕಿ. ಮೇಲೆ ಹೇಳಿದ ಮದ್ದು ಮೊದಲನೆಯದಕ್ಕೆ ಅಷ್ಟೇ. ಹರದೇಶಿ-ನಾಗೇಶಿ ವಾದ ಹತ್ತಿತು ಅನ್ನಿರಿ, ಗಂಡು ಹೆಚ್ಚೋ ಹೆಣ್ಣು ಹೆಚ್ಚೋ ಅಂತ ಎದುರಿನ ಮೇಳದವರು ಪುರಾಣದ ಸವಾಲು ಹಾಕತಾರೆ. ಉತ್ತರ ಗೊತ್ತಿಲ್ಲದಿದ್ದರೆ ಡಪ್ಪೂ ಕಾಯೋದಿಲ್ಲ, ಹಿಮ್ಮೇಳವೂ ಕಾಯೋದಿಲ್ಲ. ಆ ಅಂಜಿಕಿ ಇರಬೇಕು. ಅದು ನಮ್ಮನ್ನು ಪುರಾಣ ಓದಲಿಕ್ಕೆ ಕೂಡಿಸತದೆ. ಕುಡಿದು ಬಂದ ಹುಡುಗ ಮಂದಿ ಅಂಜಿಕಿ ಕಳಕೊಳ್ಳಲಿಕ್ಕೆ ಹೋಗಿ ಎರಡನ್ನೂ ಕಳಕೊಂಡ. ಅದಕ್ಕೇ ತಪ್ಪಿದ್ದೂ ಅವನಿಗೆ ತಿಳೀಲಿಲ್ಲ.

ಹುಡುಗರನ್ನಷ್ಟೇ ಅಂದರೆ ನ್ಯಾಯ ಆಗೋದಿಲ್ಲ. ಈಗಿನ ಸ್ಪರ್ಧೆಯೊಳಗೆ ಒಂದು ಪದಕ್ಕೆ ಐದು ಮಿನಿಟು. ಮೊದಲು ಕತ್ತರಿ ಬೀಳೋದು ಸ್ತುತಿಗೆ. ಆಮೇಲೆ ಪಲ್ಲಕ್ಕೆ. ಹಿಮ್ಮೇಳದ ಬದಲು ಪೆಟ್ಟಿಗಿಯಿಂದ ಬರೋ ಸಂಗೀತ. ಆ ಪೆಟ್ಟಿಗಿ ಹಾಡವನ ಮಾರಿ ನೋಡೋದಿಲ್ಲ. ಮಾತು ಮರೆತರೆ ಅದು ನಿಲ್ಲೋದೂ ಇಲ್ಲ, ತನ್ನ ಪಾಡಿಗೆ ಮುಂದೆ ಹೋಗತದೆ.

ಹೋದ ವರ್ಷ ನನ್ನ ಮೊಮ್ಮಗಳು ಸಾಲಿ ಸ್ನೇಹ ಸಮ್ಮೇಳನದಾಗ ಹಾಡಿದಳು. ಆಕಿ ಕಲಿಯೋದು ಮರಾಠಿ ಸಾಲಿ. ನಮ್ಮ ಕನ್ನಡ ಪದವನ್ನು ಮರಾಠಿ ಅಕ್ಷರದಾಗ ಬರಕೊಂಡು ಬಾಯಿಪಾಠ ಮಾಡಿದ್ದಳು. ಒಬ್ಬಾಕಿಯನ್ನೇ ಮೈಕಿನ ಮುಂದೆ ನಿಲ್ಲಿಸಿದರು. ಎರಡನೇ ನುಡಿಗೆ ಮರೆತು ಅಳುತ್ತಾ ಇಳಿದುಬಂದಳು. "ಅಜ್ಜಾ, ಇನ್ನ ಕನ್ನಡ ಹಾಡಂಗಿಲ್ಲ" ಅಂದಳು. ಮರೆತದ್ದು ಪದವನ್ನಷ್ಟೇ, ಬಿಡೋದು ಮಾತ್ರ ಕನ್ನಡವನ್ನು! ನನಗೆ ಆ ರಾತ್ರಿ ಊಟ ಹೋಗಲಿಲ್ಲ. ತಪ್ಪು ನನ್ನದೂ ಇತ್ತು. ಪದ ಕಲಿಸಿದ್ದೆ, ಹಿಂದೆ ನಿಲ್ಲೋ ಗೆಳತ್ಯಾರನ್ನು ಕೂಡಿಸಿರಲಿಲ್ಲ.

ಈಗ ಸಂಜಿಗೆ ಕಟ್ಟಿ ಮ್ಯಾಲೆ ಆಕಿ ಮುಂದೆ, ನಾನೂ ಆಕಿ ಅಜ್ಜಿನೂ ಹಿಂದೆ. ಮರೆತರೆ ಪಲ್ಲ ಎಳೀತೇವಿ. ಒಂದೊಂದು ದಿನ ಹಾಡತಾಳೆ, ಒಂದೊಂದು ದಿನ ಒಲ್ಲೆ ಅಂತಾಳೆ.

ಮಾಸ್ತರರಿಗೆ ನನ್ನದೊಂದೇ ಬೇಡಿಕಿ. ಮುಂದಿನ ಸಮ್ಮೇಳನದಾಗ ಹಾಡೋ ಕೂಸಿನ ಹಿಂದೆ ಮತ್ತೆರಡು ಕೂಸು ನಿಲ್ಲಿಸರಿ. ಸ್ತುತಿಗೆ ಒಂದು ಮಿನಿಟು ಹೆಚ್ಚು ಕೊಡರಿ. ಡಪ್ಪು ಇಲ್ಲದಿದ್ದರೆ ನಮ್ಮ ಮನಿಗೆ ಬರ್ರಿ, ನನ್ನದು ಒಯ್ಯರಿ.